ಹೆಡ್ ಬಿಚ್ಚಿಸುವ ಮೊದಲು ಫ್ಯಾನು ನೋಡಿ

ಕಾರಟಗಿಯ ಅಣ್ಣನವರಿಗೆ ನಮಸ್ಕಾರ. ಕಾರು ಗಂಗಾವತಿಯವರೆಗೆ ಓಡುವಾಗ ಬಿಸಿ ತೋರಿಸುವ ಮುಳ್ಳು ಅಲುಗುವುದಿಲ್ಲ, ಪೇಟೆಯೊಳಗೆ ಸಿಕ್ಕಿಕೊಂಡರೆ ಹತ್ತೇ ನಿಮಿಷಕ್ಕೆ ಕೆಂಪು ಗೆರೆ ಮುಟ್ಟುತ್ತದೆ, ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲಿನ ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಅರ್ಧ ಉತ್ತರ ನಿಮ್ಮ ಮಾತಿನಲ್ಲೇ ಇದೆ. ಇಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿಗೆ ಕಾರು ಓಡುವಾಗ ಎದುರುಗಾಳಿ ಸಿಗುತ್ತದೆ. ನಿಂತ ಕಾರಿಗೆ ಫ್ಯಾನೇ ಗತಿ. ಹೆದ್ದಾರಿಯಲ್ಲೇ ಕಾದಿದ್ದರೆ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ಕವಾಟ), ವಾಟರ್ ಪಂಪ್ ಎಂದು ಹುಡುಕಬೇಕಿತ್ತು.

ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಫ್ಯಾನು ತಿರುಗಬೇಕು. ಹೆಗಲ ಮೇಲಿನ ಟವೆಲನ್ನು ತೆಗೆದಿಟ್ಟು ಹೋಗಿ, ಫ್ಯಾನು ಮೊದಲೇ ಹೇಳಿ ತಿರುಗುವುದಿಲ್ಲ. ಎ.ಸಿ.ಗೆ ತಿರುಗಿ, ಇಂಜಿನ್ ಕಾದಾಗ ಸುಮ್ಮನಿದ್ದರೆ ಬಿಸಿಯ ಸೆನ್ಸರ್ ನೋಡಿಸಿ. ಎರಡಕ್ಕೂ ಅಲುಗದಿದ್ದರೆ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್ಚಿನ ಡಬ್ಬಿ), ಮೋಟಾರು ನೋಡಿಸಿ. ಹಾರ್ನಿನ ರಿಲೇ ಅನೇಕ ಕಾರುಗಳಲ್ಲಿ ಅದೇ ನಮೂನೆಯದು. ಮೇಲಿನ ಸಂಖ್ಯೆ ಒಂದೇ ಆಗಿದ್ದರೆ ಅದಲು ಬದಲು ಮಾಡಿ ನೋಡಬಹುದು.

ನನಗೂ ಬಳ್ಳಾರಿಯಲ್ಲಿ ಒಬ್ಬರು ಇಂಜಿನ್ ಇಳಿಸಲೇಬೇಕು ಎಂದಿದ್ದರು. ಮನಸ್ಸು ಒಪ್ಪದೆ ವೈರಿಂಗ್ ಮಾಡುವ ಹುಡುಗನ ಬಳಿಗೆ ಒಯ್ದೆ. ಅವನು ಫ್ಯಾನಿನ ಸಾಕೆಟ್ ಎಳೆದು ನನ್ನ ಅಂಗೈಯಲ್ಲಿಟ್ಟ. ಬಿಳಿಯ ಪ್ಲಾಸ್ಟಿಕ್ ಸೀದ ಶೇಂಗಾ ಬೀಜದ ಬಣ್ಣಕ್ಕೆ ತಿರುಗಿತ್ತು, ಒಳಗಿನ ಒಂದು ಪಿನ್ನು ಸುಟ್ಟು ಓರೆಯಾಗಿತ್ತು. ಸಾಕೆಟ್ ಬದಲಾಯಿಸಿದ, ಮನೆಗೆ ಬಂದೆ. ಇಂಜಿನ್ ಇಂದಿಗೂ ಬಿಚ್ಚಿಲ್ಲ.

ಫ್ಯಾನು ಸರಿಯಿದ್ದರೆ ಧೂಳನ್ನು ನೋಡಿ. ನಮ್ಮ ಕಡೆ ತೋರಣಗಲ್ಲು ರಸ್ತೆಯ ಅದಿರಿನ ಕೆಂಪು ಧೂಳು, ನಿಮ್ಮ ಕಡೆ ಭತ್ತದ ಕಟಾವಿನ ಹೊಟ್ಟು. ಎ.ಸಿ. ಕಂಡೆನ್ಸರ್ (ಎ.ಸಿ.ಯ ಬಿಸಿಯನ್ನು ಹೊರಬಿಡುವ ಜಾಲರಿ) ಮುಂದೆ, ರೇಡಿಯೇಟರ್ ಹಿಂದೆ. ಇವೆರಡರ ನಡುವಿನ ಸಂದಿಯಲ್ಲಿ ಹೊಟ್ಟು ಕಂಬಳಿಯಂತೆ ಕೂರುತ್ತದೆ, ಮುಂದಿನಿಂದ ಇಣುಕಿದರೆ ಕಾಣುವುದಿಲ್ಲ. ತಣ್ಣಗಾದ ಮೇಲೆ ಇಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನಲ್ಲಿ ನೀರು ಹಾಯಿಸಿ. ಸರ್ವಿಸ್ ಸ್ಟೇಷನ್ನಿನ ಜೋರು ಧಾರೆ ಬೇಡ, ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಕಮೆಂಟಿನಲ್ಲಿ ಯಾರೋ ಬೋರ್‌ವೆಲ್ ನೀರು ತುಂಬಿಸಿದರೆ ಸಾಕು ಎಂದಿದ್ದಾರೆ. ದಯವಿಟ್ಟು ಬೇಡ. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಹಿಡಿಯುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ. ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೆರೆಸಿದ್ದೇ ಸಿಕ್ಕರೆ ಮತ್ತೆ ನೀರು ಸೇರಿಸಬೇಡಿ.

ಗ್ಯಾಸ್ಕೆಟ್ ಹೋಗಿದ್ದರೆ ಅದಕ್ಕೆ ಬೇರೆ ಗುರುತುಗಳಿವೆ: ಸೋರಿಕೆ ಕಾಣದೆ ಕೂಲೆಂಟ್ ಇಳಿಯುವುದು, ಇಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ, ಕೂಲೆಂಟ್ ಡಬ್ಬಿಯಲ್ಲಿ ಬಿಡದೆ ಏಳುವ ಗುಳ್ಳೆ, ಹಾಲು ಬೆರೆಸಿದ ಚಹಾದಂತಾದ ಆಯಿಲ್. ಇವುಗಳಲ್ಲಿ ಒಂದಾದರೂ ಇದೆಯೇ ಎಂದು ಗ್ಯಾರೇಜಿನವರನ್ನೇ ಕೇಳಿ.

ಅಲ್ಲಿಯವರೆಗೆ ಪೇಟೆಯಲ್ಲಿ ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ತಿರುಗಿಸಿ. ಮೇ ತಿಂಗಳಲ್ಲಿ ಅದು ಶಿಕ್ಷೆಯೇ, ಆದರೆ ಇಂಜಿನ್ನಿನ ಬಿಸಿ ಸ್ವಲ್ಪ ನಿಮ್ಮ ಮೈಮೇಲೆ ಬಂದು ಇಂಜಿನ್ ಉಳಿಯುತ್ತದೆ. ಆಗಲೂ ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ ಆರಿಸಿಬಿಡಿ. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈಹಾಕಬೇಡಿ. ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ನನ್ನ ಬಲ ಮೊಣಕೈಯಲ್ಲಿ ಅದರ ಕಲೆ ಇನ್ನೂ ಇದೆ.

ಎ.ಸಿ. ಹಾಕಿದಾಗ ಫ್ಯಾನು ತಿರುಗಿತೋ ಇಲ್ಲವೋ ಇಲ್ಲಿಯೇ ಬರೆಯಿರಿ. ಕಾರು ಯಾವ ಇಸವಿಯದು ಎಂಬುದನ್ನೂ ತಿಳಿಸಿ.