ಕೊಡಗಿನ ನಮ್ಮ ಸಣ್ಣ ಬ್ಯಾಂಡ್ ಊರೂರು ಸುತ್ತುತ್ತೆ. ಬಿಟ್ಟುಹೋಗದ ಅಭಿಮಾನಿ ಬಳಗ ಕಟ್ಟೋದು ಹೇಗೆ?

ಮೊದಲು, ರೆಕಾರ್ಡ್ ಮಾಡಿಕೊಳ್ಳುವವರನ್ನು ತಡೆಯಬೇಡಿ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡ್ 1984ರಲ್ಲಿ ಟೇಪ್ ಮಾಡುವವರಿಗೆ ಅಂತಲೇ ಬೇರೆ ಜಾಗ ಕೊಟ್ಟಿತು. ಹಂಚಿಕೊಳ್ಳಬಹುದು, ಮಾರುವ ಹಾಗಿಲ್ಲ. ಕ್ಯಾಸೆಟ್‌ಗಳು ಕೈಯಿಂದ ಕೈಗೆ ಹೋಗಿ ಹೊಸಬರನ್ನು ಕರೆತಂದವು.

ಅದಕ್ಕಿಂತ ಮುಖ್ಯ, ಅವರು ಪ್ರತಿ ರಾತ್ರಿ ಹಾಡುಗಳ ಪಟ್ಟಿ ಬದಲಿಸುತ್ತಿದ್ದರು. ನಿನ್ನೆ ಕೇಳಿದವರೇ ಇವತ್ತೂ ಬರುತ್ತಿದ್ದರು. ಮಡಿಕೇರಿಯಲ್ಲಿ ಹಾಡಿದ್ದನ್ನೇ ವಿರಾಜಪೇಟೆಯಲ್ಲೂ ಅದೇ ಸಾಲಿನಲ್ಲಿ ಹಾಡಿದರೆ ಯಾರು ಗಾಡಿ ಹತ್ತಿ ಬರ್ತಾರೆ, ಅಲ್ವಾ? ನಡುವೆ ಒಂದಿಷ್ಟು ಸುಮ್ನೆ ಲಹರಿ ಬಂದಂತೆ ನುಡಿಸಿ.

ಜೋರು ಮಳೆಯ ತಿಂಗಳಲ್ಲಿ ಮೈಸೂರು, ಬೆಂಗಳೂರು ಸುತ್ತಿ. ಕಾಫಿ ಕುಯ್ಲಿನ ಹೊತ್ತಲ್ಲಿ ತೋಟದವರಿಗೆ ಪುರುಸೊತ್ತಿರಲ್ಲ, ನೆನಪಿರಲಿ. ಶೋ ಮುಗಿದ ಮೇಲೆ ಟೀ-ಶರ್ಟ್ ಮೇಜಿನ ಹತ್ತಿರ ಹಾಡಿದವರೇ ನಿಲ್ಲಿ. ಗೆಳೆಯರನ್ನು ನಿಲ್ಲಿಸಿದರೆ ಟೀ-ಶರ್ಟ್ ಮಾರಾಟವಾಗುತ್ತೆ ಅಷ್ಟೇ, ಕೇಳುಗರ ಜೊತೆ ನಂಟು ಬೆಳೆಯಲ್ಲ.