ಹಿತ್ತಿಲಿಗೆ ದಿನಾ ಬರುವ ನವಿಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡು ತಿಂಗಳಿಂದ ಒಂದು ಗಂಡು ನವಿಲು, ಮೂರು ಹೆಣ್ಣು ಬೆಳಿಗ್ಗೆ ಹಿತ್ತಿಲಿಗೆ ಬರುತ್ತಿವೆ. ಮೊದಮೊದಲು ಖುಷಿಯಲ್ಲಿ ಅಕ್ಕಿ ಹಾಕಿದೆವು. ಈಗ ಹರಿವೆ ಸಸಿ ಉಳಿಯುತ್ತಿಲ್ಲ, ಬಸಳೆಯ ಕುಡಿಯೂ ಇಲ್ಲ. ಓಡಿಸಿದರೆ ಗೇರು ಮರದಲ್ಲಿ ಕೂತು ಮತ್ತೆ ಇಳಿಯುತ್ತವೆ. ಮಲ್ಪೆಯಿಂದ ಹಳೇ ಮೀನಿನ ಬಲೆ ತಂದು ಸುತ್ತ ಕಟ್ಟಬಹುದೇ? (ಹಿರಿಯಡ್ಕದ ಓದುಗರು)

ಉತ್ತರ: ಅಕ್ಕಿ ಹಾಕುವುದನ್ನು ಇವತ್ತೇ ನಿಲ್ಲಿಸಿ. ಕೋಳಿ ಸಾಕಿದ್ದರೆ ಅದರ ತೌಡು, ಕಾಳನ್ನೂ ಅಂಗಳಕ್ಕೆ ಚೆಲ್ಲದೆ ಗೂಡಿನ ಒಳಗೇ ಇಡಿ. ನವಿಲು ಕೋಳಿಯ ಜಾತಿಯದೇ ಹಕ್ಕಿ. ಒಂದೇ ಜಾಗದಲ್ಲಿ ಮೇಯ್ದರೆ ಕೊಕ್ಕರೆ ರೋಗ (ಕೋಳಿಗಳಿಗೆ ಬರುವ ರಾಣಿಖೇತ್ ರೋಗ) ಅತ್ತಿಂದಿತ್ತ ಹರಡಬಹುದು. ಜನರ ಹೆದರಿಕೆ ಬಿಟ್ಟ ನವಿಲಿಗೆ ನಾಯಿ ಮತ್ತು ರಸ್ತೆ ಎರಡೂ ಅಪಾಯ.

ಹಾಳುಮಾಡಿದ್ದು ನವಿಲೇ ಎಂದು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳುವೂ ಬಸಳೆಯನ್ನು ಬೋಳು ಮಾಡುತ್ತದೆ. ಅದು ರಾತ್ರಿ ತಿನ್ನುತ್ತದೆ, ಎಲೆಯ ಮೇಲೆ ಒಣಗಿದ ಲೋಳೆ ಹೊಳೆಯುತ್ತದೆ. ನವಿಲು ಎಲೆಯನ್ನು ಕುಕ್ಕಿ ಹರಿಯುವುದರಿಂದ ಅಂಚು ಚಿಂದಿಯಾಗಿರುತ್ತದೆ. ಒದ್ದೆ ಮಣ್ಣಿನಲ್ಲಿ ಮೂರು ಬೆರಳಿನ ದೊಡ್ಡ ಹೆಜ್ಜೆ ಮೂಡಿರುತ್ತದೆ. ಬೇಸಿಗೆಯಲ್ಲಿ ಸಾಲಿನ ನಡುವೆ ತಟ್ಟೆಯಂಥ ತಗ್ಗು ಕಂಡರೆ ಅದು ನವಿಲು ಮಣ್ಣಿನ ಸ್ನಾನ ಮಾಡಿದ ಜಾಗ. ಸಡಿಲ ಒಣ ಮಣ್ಣು ಕಂಡರೆ ಅದಕ್ಕೆ ಬಿಡಲಾಗದು. ಹಾಗಾಗಿ ಬಿತ್ತಿದ ಕೂಡಲೇ ಸಾಲಿಗೆ ನೀರು ಕೊಟ್ಟು ಮೇಲೆ ತೆಂಗಿನ ಮಡಲು ಹಾಸಿ, ಮೊಳಕೆ ಕಂಡ ದಿನ ತೆಗೆಯಿರಿ. ಬೇಲಿಯ ಆಚೆ ಒಂದು ಮೂಲೆಯಲ್ಲಿ ಬೂದಿ ಬೆರೆಸಿದ ಒಣ ಮಣ್ಣು ಬಿಟ್ಟುಕೊಟ್ಟರೆ ಸ್ನಾನಕ್ಕೆ ಅಲ್ಲಿಗೇ ಹೋಗುವ ಸಾಧ್ಯತೆ ಹೆಚ್ಚು.

ಇನ್ನು ಬಲೆ. ಹಳೇ ಮೀನಿನ ಬಲೆ ಬೇಡವೇ ಬೇಡ, ಇದನ್ನು ಒತ್ತಿ ಹೇಳುತ್ತೇವೆ. ಇಲಿ ಹುಡುಕಿಕೊಂಡು ಬರುವ ಕೇರೆ ಹಾವು ಅದರೊಳಗೆ ನುಗ್ಗುತ್ತದೆ. ತಲೆ ದಾಟುತ್ತದೆ, ದಪ್ಪಗಿನ ನಡು ದಾಟುವುದಿಲ್ಲ. ಹುರುಪೆಗಳು ಹಿಂದಕ್ಕೆ ಬಾಗಿರುವುದರಿಂದ ಹಿಂದೆ ಸರಿಯಲೂ ಆಗದು. ಒದ್ದಾಡಿದಷ್ಟೂ ನೂಲು ಚರ್ಮಕ್ಕೆ ಇಳಿಯುತ್ತದೆ, ಬಿಸಿಲೇರಿದರೆ ಜೀವ ಉಳಿಯುವುದು ಕಷ್ಟ. ನಾಗರಹಾವು ಹಾಗೆ ಸತ್ತರೆ ಮನೆಯವರಿಗೆ ಆಗುವ ಸಂಕಟವನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಎಲ್ಲಾದರೂ ಹಾವು ಸಿಕ್ಕಿಕೊಂಡದ್ದು ಕಂಡರೆ ಎಳೆಯಬೇಡಿ. ದೂರದಿಂದಲೇ ನೆರಳು ಮಾಡಿ, ಹಾವು ಹಿಡಿಯುವವರಿಗೆ ಅಥವಾ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅವರು ಒಂದೊಂದೇ ನೂಲು ಕತ್ತರಿಸಿ ಬಿಡಿಸುತ್ತಾರೆ.

ಬದಲಿಗೆ ಹೀಗೆ ಮಾಡಿ. ಸಾಲಿನ ಎರಡೂ ಬದಿ ಐದೈದು ಅಡಿಗೆ ಎರಡು ಅಡಿ ಎತ್ತರದ ಗೂಟ ಹುಗಿದು, ತೆಂಗಿನ ಹುರಿಹಗ್ಗವನ್ನು ಗೇಣು ಗೇಣಿಗೆ ಅಡ್ಡಡ್ಡ, ಆಮೇಲೆ ಓರೆಯಾಗಿ ಬಿಗಿದು ಕಟ್ಟಿ. ಗಂಡು ನವಿಲು ನಾಲ್ಕರಿಂದ ಆರು ಕಿಲೋ ತೂಗುವ ಹಕ್ಕಿ. ಇಳಿಯಲು, ರೆಕ್ಕೆ ಬಿಚ್ಚಿ ಏಳಲು ಜಾಗ ಸಿಗದ ಕಡೆ ಕಾಲಿಡಲು ಹಿಂದೆಮುಂದೆ ನೋಡುತ್ತದೆ. ಹಗ್ಗ ಜೋತುಬಿದ್ದರೆ ಪ್ರಯೋಜನವಿಲ್ಲ, ವಾರಕ್ಕೊಮ್ಮೆ ಬಿಗಿಮಾಡಿ. ಪಕ್ಕದಿಂದ ನಡೆದು ಬರುವುದನ್ನು ತಡೆಯಲು ಗಟ್ಟಿ ತಂತಿಬಲೆ ಸಾಕು. ಅದನ್ನು ಗಿಡದಿಂದ ಒಂದೂವರೆ ಅಡಿ ದೂರ ನಿಲ್ಲಿಸಿ, ಹತ್ತಿರವಿದ್ದರೆ ಕತ್ತು ತೂರಿಸಿ ಕುಕ್ಕುತ್ತದೆ. ಹರಿವೆ 25-30 ದಿನಗಳಲ್ಲಿ ಕೊಯ್ಲಿಗೆ ಬರುವ ಬೆಳೆ, ಮೊದಲ ಎರಡು ವಾರ ಬುಟ್ಟಿ ಕವುಚಿ ಕಾದರೂ ಆಗುತ್ತದೆ. ಹಳೇ ಸಿಡಿ, ಹೊಳೆಯುವ ಪಟ್ಟಿ ಕೆಲವು ದಿನಗಳಷ್ಟೇ ಹೆದರಿಸುತ್ತವೆ.

ಪ್ರಶ್ನೆ: ಗೇರು ಗುಡ್ಡೆಯ ಪೊದೆಯಲ್ಲಿ ಹೆಣ್ಣು ನವಿಲು ಐದು ಮೊಟ್ಟೆ ಇಟ್ಟಿದೆ. ನಮ್ಮ ಕೋಳಿಯ ಕಾವಿಗೆ ಇಡಬಹುದೇ? (ಮೂಡುಬಿದಿರೆಯ ಓದುಗರು)

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ನವಿಲು ಇದೆ. ಅದರ ಮೊಟ್ಟೆ ತೆಗೆಯುವುದು, ಗೂಡು ಕೆದಕುವುದು ಕೂಡ ಬೇಟೆಯೆಂದೇ ಲೆಕ್ಕ. ಶಿಕ್ಷೆ ಕನಿಷ್ಠ 3 ವರ್ಷ ಜೈಲು. ಕಾನೂನು ಬದಿಗಿಟ್ಟರೂ, ಕೋಳಿಯ ಹಿಂದೆ ಬೆಳೆದ ಮರಿ ಮನುಷ್ಯರಿಗೆ ಅಂಟಿಕೊಂಡು ಕಾಡಿನ ಬದುಕು ಕಲಿಯುವುದಿಲ್ಲ.

ನೀವು ಮಾಡಬೇಕಾದದ್ದು ಸುಮಾರು 28 ದಿನ ಆ ಕಡೆ ಸುಳಿಯದಿರುವುದು. ಕಾವು ಕೂರುವುದು ಹೆಣ್ಣು ಮಾತ್ರ. ಪದೇ ಪದೇ ಎಬ್ಬಿಸಿದರೆ ಮೊಟ್ಟೆ ತಣ್ಣಗಾಗುತ್ತದೆ, ಗೂಡು ಬಿಟ್ಟೇ ಹೋಗಲೂಬಹುದು. ಅಲ್ಲಿಯವರೆಗೆ ಪೊದೆ ಸವರಬೇಡಿ, ನಾಯಿಯನ್ನು ಕಟ್ಟಿಹಾಕಿ, ನೋಡಲು ನೆರೆಮನೆಯವರನ್ನು ಕರೆದೊಯ್ಯಬೇಡಿ. ಮೊಟ್ಟೆಯೊಡೆದ ಮರಿ ಬೇಗನೆ ತಾಯಿಯ ಹಿಂದೆ ನಡೆಯತೊಡಗುತ್ತದೆ. ಗೂಡು ಖಾಲಿಯಾದದ್ದು ಕಂಡು ಗಾಬರಿಯಾಗುವುದು ಬೇಡ.

ಪ್ರಶ್ನೆ: ಗಂಡು ನವಿಲು ಕಾರಿನ ಕನ್ನಡಿಗೆ, ಬಾಗಿಲಿಗೆ ಕುಕ್ಕುತ್ತಿದೆ. ಯಾಕೆ? (ಸುರತ್ಕಲ್‌ನ ಓದುಗರು)

ಉತ್ತರ: ತನ್ನದೇ ಬಿಂಬವನ್ನು ಇನ್ನೊಂದು ಗಂಡೆಂದು ತಿಳಿದು ಜಗಳಕ್ಕೆ ನಿಂತಿದೆ. ಕನ್ನಡಿಗೆ ಬಟ್ಟೆಯ ಚೀಲ ತೊಡಿಸಿ, ಬಾಗಿಲಿಗೆ ಗೋಣಿ ಅಥವಾ ಹಳೇ ಬೆಡ್‌ಶೀಟ್ ಇಳಿಬಿಡಿ, ಇಡೀ ಕಾರು ಮುಚ್ಚಿದರೆ ಇನ್ನೂ ಒಳ್ಳೆಯದು. ಕಲ್ಲು ಬೀಸಬೇಡಿ. ತುಳುವಿನ ಆಟಿ ತಿಂಗಳು ಕಳೆದು ಸೋಣ ಬರುವ ಹೊತ್ತಿಗೆ (ಆಗಸ್ಟ್ ನಡುವಿಗೆ) ಉದ್ದ ಗರಿಗಳು ಉದುರತೊಡಗುತ್ತವೆ, ಜೊತೆಗೆ ಈ ಆವೇಶವೂ ಇಳಿಯುತ್ತದೆ. ಅಲ್ಲಿಯವರೆಗೆ ದಿನಾ ಕಾರು ನಿಲ್ಲಿಸಿದ ಕೂಡಲೇ ಚೀಲ ಹಾಕುವುದನ್ನು ಮರೆಯಬೇಡಿ.