ಹಸಿರು ಕರೆಂಟಿಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ಕರೆಂಟು ಕೊಡುವ ಕಂಪನಿಯವರು ‘ನೂರಕ್ಕೆ ನೂರು ಹಸಿರು’ ಯೋಜನೆಗೆ ಸೇರಿ ಎನ್ನುತ್ತಿದ್ದಾರೆ. ತಂತಿ ಅದೇ, ಮೀಟರೂ ಅದೇ. ಹಸಿರು ಎಲ್ಲಿಂದ ಬಂತು?

ಉತ್ತರ: ತಂತಿಯಲ್ಲಿ ಏನೂ ಬದಲಾಗುವುದಿಲ್ಲ. ಗಾಳಿಯಂತ್ರದ್ದು, ಕಲ್ಲಿದ್ದಲಿನದ್ದು ಎಲ್ಲವೂ ಗ್ರಿಡ್‌ನಲ್ಲಿ ಬೆರೆತೇ ಮನೆಗೆ ಬರುತ್ತದೆ. ಬದಲಾಗುವುದು ಲೆಕ್ಕ. ಸೌರ ಅಥವಾ ಪವನ ಸ್ಥಾವರ 1,000 ಯೂನಿಟ್, ಅಂದರೆ 1 ಮೆಗಾವ್ಯಾಟ್ ಅವರ್ ಉತ್ಪಾದಿಸಿದರೆ ಅದಕ್ಕೊಂದು ಪ್ರಮಾಣಪತ್ರ ಸಿಗುತ್ತದೆ. ನೀವು ವರ್ಷಕ್ಕೆ 3,000 ಯೂನಿಟ್ ಬಳಸುವವರಾದರೆ ಕಂಪನಿ ನಿಮ್ಮ ಪಾಲಿಗೆ ಮೂರು ಪತ್ರ ಕೊಂಡು ರದ್ದುಪಡಿಸಬೇಕು. ರದ್ದಾಗದ ಪತ್ರ ಮತ್ತೊಬ್ಬರ ಲೆಕ್ಕಕ್ಕೂ ಹೋಗಬಹುದು.

ಇದು ಮೋಸವಲ್ಲ. ಆದರೆ ಎಲ್ಲ ಯೋಜನೆಗಳೂ ಒಂದೇ ತೂಕದವಲ್ಲ. ಪತ್ರವನ್ನು ಕರೆಂಟಿನಿಂದ ಬೇರ್ಪಡಿಸಿಯೂ ಮಾರುತ್ತಾರೆ. ಮಾರುಕಟ್ಟೆಯಲ್ಲಿ ಸಿಕ್ಕಿದ ಕರೆಂಟು ಕೊಂಡು, ಅದಕ್ಕೆ ಹಳೆಯ ಜಲವಿದ್ಯುತ್ ಸ್ಥಾವರದ ಅಗ್ಗದ ಪತ್ರ ಜೋಡಿಸಿದರೂ ಕಾಗದದ ಮೇಲೆ ನೂರಕ್ಕೆ ನೂರೇ. ದಶಕಗಳಿಂದ ಓಡುತ್ತಿರುವ ಆ ಟರ್ಬೈನು ನೀವು ಸೇರಿದರೂ ಓಡುತ್ತದೆ, ಬಿಟ್ಟರೂ ಓಡುತ್ತದೆ. ಹೊಸ ಸ್ಥಾವರದ ಜೊತೆ ಹತ್ತು ಹದಿನೈದು ವರ್ಷದ ಖರೀದಿ ಒಪ್ಪಂದ ಮಾಡಿಕೊಂಡ ಕಂಪನಿಯ ಮಾತು ಬೇರೆ. ಅಂಥ ಒಪ್ಪಂದ ಕೈಯಲ್ಲಿದ್ದರೆ ಸ್ಥಾವರ ಕಟ್ಟುವವರಿಗೆ ಸಾಲ ಹುಟ್ಟುವುದು ಸುಲಭ.

ಹಾಗಾಗಿ ನೇರವಾಗಿ ಕೇಳಿ: ಮೂಲ ಯಾವುದು, ಸ್ಥಾವರ ಎಲ್ಲಿದೆ, ಯಾವಾಗ ಶುರುವಾಯಿತು, ಪತ್ರ ಯಾವ ವರ್ಷದ ಉತ್ಪಾದನೆಯದು, ರದ್ದಾದದ್ದಕ್ಕೆ ದಾಖಲೆ ತೋರಿಸುತ್ತೀರಾ? ‘ಪರಿಸರಸ್ನೇಹಿ ಮೂಲಗಳಿಂದ’ ಎಂದು ತೇಲಿಸಿ ಹೇಳಿದರೆ ಒಂದು ಕಾಸೂ ಹೆಚ್ಚು ಕೊಡಬೇಡಿ.

ಪ್ರಶ್ನೆ: ಎರಡು ಯೋಜನೆ ಕಣ್ಣಿಗೆ ಬಿದ್ದಿವೆ. ಒಂದರಲ್ಲಿ ಯೂನಿಟ್ ದರ ಕಡಿಮೆ, ಆದರೆ ನಿಗದಿತ ಶುಲ್ಕ ಜಾಸ್ತಿ. ಯಾವುದು ಲಾಭ?

ಉತ್ತರ: ಹನ್ನೆರಡು ತಿಂಗಳ ಬಿಲ್ ಮುಂದಿಟ್ಟುಕೊಳ್ಳಿ. ಒಂದೇ ತಿಂಗಳದ್ದು ಸಾಲದು; ಫ್ಯಾನು, ಎಸಿ, ಹೀಟರ್ ಬಳಕೆ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ತಿಂಗಳ ನಿಗದಿತ ಶುಲ್ಕಗಳ ವ್ಯತ್ಯಾಸವನ್ನು ಯೂನಿಟ್ ದರಗಳ ವ್ಯತ್ಯಾಸದಿಂದ ಭಾಗಿಸಿ. 150 ಬಂತು ಅನ್ನಿ. ತಿಂಗಳಿಗೆ 150 ಯೂನಿಟ್ ದಾಟುವ ಮನೆಗಷ್ಟೇ ಆ ಕಡಿಮೆ ದರದ ಯೋಜನೆ ಗಿಟ್ಟುತ್ತದೆ. ಚಿಕ್ಕ ಮನೆಯವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಹೊತ್ತಿಗೊಂದು ದರ ಇರುವ ಯೋಜನೆಯಾದರೆ ಗೀಸರ್ ಕಡೆ ನೋಡಿ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ 1 ಯೂನಿಟ್. 10 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟು ಸುಡಲು 100 ಗಂಟೆ ಬೇಕು. ಗೀಸರ್, ವಾಷಿಂಗ್ ಮಷೀನ್, ಕಾರ್ ಚಾರ್ಜಿಂಗ್ ಇವನ್ನು ಅಗ್ಗದ ಹೊತ್ತಿಗೆ ಸರಿಸಲು ಆಗದಿದ್ದರೆ ಆ ಯೋಜನೆಯ ಗೊಡವೆ ಬೇಡ.

ಸಣ್ಣ ಅಕ್ಷರದಲ್ಲಿರುವುದನ್ನೂ ಓದಿ. ಆರಂಭದ ರಿಯಾಯಿತಿ ದರ ಎಷ್ಟು ತಿಂಗಳು, ಆಮೇಲೆ ಎಷ್ಟು? ಅವಧಿಗೆ ಮುಂಚೆ ಬಿಟ್ಟರೆ ದಂಡವಿದೆಯೇ? ಅವಧಿ ಮುಗಿದಾಗ ತಾನಾಗಿಯೇ ದುಬಾರಿ ದರಕ್ಕೆ ಮುಂದುವರಿಯುತ್ತದೆಯೇ? ಆ ದಿನಾಂಕಕ್ಕೆ ಒಂದು ತಿಂಗಳು ಮುಂಚಿತವಾಗಿ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಪ್ರಶ್ನೆ: ಹಸಿರು ಯೋಜನೆ ಇದ್ದವರಿಗೆ ಪವರ್ ಕಟ್ ಇಲ್ಲವೇ?

ಉತ್ತರ: ಇದೆ. ಲೈನ್ ಹೋದರೆ ಬೀದಿಯವರಿಗೆಲ್ಲ ಹೋದಂತೆ ನಿಮಗೂ ಹೋಗುತ್ತದೆ. ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಇದ್ದರೂ, ಗ್ರಿಡ್‌ಗೆ ಜೋಡಿಸಿದ ಮಾಮೂಲಿ ಇನ್ವರ್ಟರ್ ಆಗ ತಾನೇ ನಿಂತುಬಿಡುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆದೀತು. ಕತ್ತಲಾಗಬಾರದೆಂದರೆ ಬ್ಯಾಟರಿ ಮತ್ತು ಅದಕ್ಕೆ ಹೊಂದುವ ಹೈಬ್ರಿಡ್ ಇನ್ವರ್ಟರ್ ಬೇಕು.